ಹೊಟ್ಟೆ ಉಬ್ಬರ, ಎದೆಯ ಕಳವಳ

(ಸಂಜೆಯ ಕಲಿಕಾ ಕೇಂದ್ರದಲ್ಲಿ ಟೀಚರಮ್ಮ ಆಡಿದ ಮಾತು)



ಇವತ್ತು ಸ್ಲೇಟು ಬೇಡ. ಪುಸ್ತಕ ಪಕ್ಕಕ್ಕೆ ಇಡಿ. ಇವತ್ತು ಮಾತಾಡೋಣ. ಗಂಡಸರು ಯಾರೂ ಇಲ್ಲ. ಬಾಗಿಲನ್ನೂ ಮುಂದಕ್ಕೆ ಎಳೆದಿದ್ದೇನೆ.

ಹೋದ ವಾರ ಇಲ್ಲಿ ಒಬ್ಬ ಅಕ್ಕ ಬರೆಯುತ್ತಾ ಇದ್ದವರು ತಟ್ಟನೆ ಎದ್ದು ಹೊರಗೆ ಹೋದರು. ಮೈಯೆಲ್ಲ ಬೆವರು. ಸೆರಗಿನಿಂದ ಗಾಳಿ ಹಾಕಿಕೊಂಡರು. "ಏನಾಯ್ತು ಅಕ್ಕ?" ಅಂದೆ. "ಏನಿಲ್ಲ ಟೀಚರಮ್ಮ, ಗ್ಯಾಸು. ಹೊಟ್ಟೆ ಉಬ್ಬಿದೆ. ಎದೆ ಢವಢವ ಅಂತಿದೆ. ಯಾಕೋ ಜೀವಕ್ಕೆ ದಿಗಿಲು" ಅಂದರು. ಪಕ್ಕದವರು "ನಂಗೂ ಹಂಗೇ ಆಗ್ತದೆ" ಅಂದರು. ಅವರ ಹಿಂದೆ ಕೂತಿದ್ದವರು "ನಂಗೆ ವರ್ಷದಿಂದ ಹಂಗೇ" ಅಂದರು. ಮೂವರ ವಯಸ್ಸೂ ನಲವತ್ತೈದರ ಆಚೆ ಈಚೆ. ಮೂವರಿಗೂ ಮುಟ್ಟು ಹಿಂದೆ ಮುಂದೆ ಆಗುತ್ತಿದೆ. ಒಂದೇ ಬೀದಿಯವರು. ಆದರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ನನಗೆ ನಮ್ಮ ಅವ್ವನ ನೆನಪಾಯಿತು.

ಅವ್ವನಿಗೆ ಆಗ 47 ವರ್ಷ. ಹೊಲ, ಮನೆ, ಎರಡು ಹಸು, ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಮುಟ್ಟು ಏರುಪೇರಾಯಿತು. ಎರಡು ತಿಂಗಳು ಇಲ್ಲ. ಮೂರನೇ ತಿಂಗಳು ಹದಿನೈದು ದಿನ. ರಾತ್ರಿ ಉಂಡರೆ ಹೊಟ್ಟೆ ಮದ್ದಳೆ ಆಗುತ್ತೆ ಅಂತ ರಾತ್ರಿ ಊಟವನ್ನೇ ಬಿಟ್ಟಳು. ಹುಳಿ ತೇಗು, ಎದೆ ಉರಿ. ಹೊರಕಡೆಗೆ ಹೋದರೆ ಮೂರು ದಿನಕ್ಕೊಮ್ಮೆ. ನಸುಕಿನ ಮೂರು ಗಂಟೆಗೆ ಎಚ್ಚರ ಆಗುತ್ತಿತ್ತು. ಎದ್ದು ಕೂತು ಅಳುತ್ತಿದ್ದಳು. ಯಾಕವ್ವ ಅಂದರೆ, ಗೊತ್ತಿಲ್ಲ ಅನ್ನುತ್ತಿದ್ದಳು. ಬಸ್ಸಿನಲ್ಲಿ ಉಸಿರು ಕಟ್ಟುತ್ತೆ ಅಂತ ಸಂತೆಗೆ ಹೋಗೋದನ್ನೂ ನಿಲ್ಲಿಸಿದಳು.

ಮನೆಯಲ್ಲಿ ತಲೆಗೊಂದು ಮಾತು. ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿದರು. ಅಂಗಡಿಯಿಂದ ಗ್ಯಾಸಿನ ಮಾತ್ರೆ ತಂದರು. ಕೆಲಸ ಕಡಿಮೆ ಮಾಡೋಕೆ ನೆಪ ಅಂತಲೂ ಯಾರೋ ಅಂದರು. ಅದು ಅವ್ವನ ಕಿವಿಗೆ ಬಿತ್ತು. ಕೊನೆಗೆ ಪಟ್ಟಣದಲ್ಲಿ ಒಂದು ಕಡೆ ತೋರಿಸಿದೆವು. "ಗರ್ಭಕೋಶ ಕೆಟ್ಟಿದೆ. ತೆಗೆಸಿಬಿಡಿ. ಎಲ್ಲ ಸರಿಹೋಗುತ್ತೆ" ಅಂದರು. ಓಲೆ ಅಡ ಇಟ್ಟು ದುಡ್ಡು ಹೊಂದಿಸಿದೆವು.

ನಾನು ಆಗಲೇ ಡಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದೆ. ಐದನೇ ತರಗತಿ ಮಕ್ಕಳಿಗೆ ಜೀರ್ಣಾಂಗಗಳ ಪಾಠ ಮಾಡುತ್ತಿದ್ದೆ. ಗೋಡೆಗೆ ಪಟ ತೂಗುಹಾಕುತ್ತಿದ್ದೆ. ಇದು ಜಠರ, ಇದು ಸಣ್ಣ ಕರುಳು ಅಂತ ಕೋಲಿನಿಂದ ತೋರಿಸುತ್ತಿದ್ದೆ. ಮನೆಯಲ್ಲಿ ಅವ್ವನ ಹೊಟ್ಟೆಗೆ ಏನಾಗಿದೆ ಅನ್ನುವುದು ಮಾತ್ರ ನನಗೆ ತಿಳಿಯಲಿಲ್ಲ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಹೇಳುತ್ತಿದ್ದೇನೆ.

ಆಪರೇಷನ್ನಿಗೆ ಎರಡು ದಿನ ಇತ್ತು. ಯಾಕೋ ನನಗೆ ಮನಸ್ಸು ತಡೆಯಲಿಲ್ಲ. ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರನ್ನು ಒಂದು ಸಲ ಕೇಳೋಣ ಅಂತ ಅವ್ವನನ್ನು ಕರೆದುಕೊಂಡು ಹೋದೆ. ಅವರು ಒಳಗೆ ಪರೀಕ್ಷೆ ಮಾಡಿದರು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರು. ಎಲ್ಲ ನೋಡಿ ಹೇಳಿದರು: "ಗರ್ಭಕೋಶಕ್ಕೆ ಏನೂ ಆಗಿಲ್ಲಮ್ಮ. ರಕ್ತ ಕಡಿಮೆ ಇದೆ. ಅದಕ್ಕೆ ಮಾತ್ರೆ ಕೊಡ್ತೀನಿ. ಮಿಕ್ಕಿದ್ದು ಮುಟ್ಟು ನಿಲ್ಲೋ ಕಾಲದ ತೊಂದರೆ." ಅವ್ವ ಅಲ್ಲೇ ಅತ್ತುಬಿಟ್ಟಳು. "ಹಂಗಾದ್ರೆ ನಂಗೆ ಹುಚ್ಚು ಹಿಡಿದಿಲ್ಲ ಅಲ್ವಾ ತಾಯಿ?" ಅಂತ ಕೇಳಿದಳು. ಒಂದು ವರ್ಷದಿಂದ ಅವಳ ಮನಸ್ಸಿನಲ್ಲಿ ಇದ್ದದ್ದು ಅದು. ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಡಾಕ್ಟರಮ್ಮ ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು, ಎರಡನ್ನೂ ಇವತ್ತು ನಿಮಗೆ ಹೇಳುತ್ತೇನೆ.

ನಮ್ಮ ಕಿಬ್ಬೊಟ್ಟೆಯಲ್ಲಿ ಗರ್ಭಕೋಶ ಇದೆ. ಅದರ ಎರಡು ಪಕ್ಕಕ್ಕೂ ಒಂದೊಂದು ಅಂಡಾಶಯ ಇದೆ. ಬಾದಾಮಿಯಷ್ಟು ಗಾತ್ರ. ಅವು ಈಸ್ಟ್ರೋಜನ್ ಅನ್ನುವ ಒಂದು ರಸವನ್ನು ರಕ್ತಕ್ಕೆ ಬಿಡುತ್ತವೆ. ಇಂಥ ರಸಕ್ಕೆ ಹಾರ್ಮೋನು ಅಂತ ಹೆಸರು. ನಲವತ್ತು ದಾಟಿದ ಮೇಲೆ ಇದು ಕಡಿಮೆ ಆಗುತ್ತಾ ಬರುತ್ತದೆ. ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಬೀದಿ ನಲ್ಲಿ ಹೇಗೆ ಬರುತ್ತೆ? ಒಂದು ದಿನ ಜೋರು, ಒಂದು ದಿನ ಸಣ್ಣಗೆ, ಒಂದು ದಿನ ಬರೀ ಗಾಳಿ. ಹಾಗೇ ಇದು. ಈ ಏರುಪೇರಿನಿಂದಲೇ ಮೈ ಬಿಸಿಯಾಗುವುದು, ಬೆವರು, ನಿದ್ದೆ ಕೆಡುವುದು, ಸಿಡುಕು, ಕಳವಳ ಬರುತ್ತವೆ.

ಸತತವಾಗಿ 12 ತಿಂಗಳು ಮುಟ್ಟು ಬರದಿದ್ದರೆ, ನಿಂತಿತು ಅಂತ ಲೆಕ್ಕ. ನಮ್ಮ ಕಡೆ ಹೆಚ್ಚಿನವರಿಗೆ 45ರಿಂದ 50ರ ಒಳಗೆ ನಿಲ್ಲುತ್ತದೆ. 40ಕ್ಕೆ ಮೊದಲೇ ನಿಂತರೆ ಡಾಕ್ಟರಿಗೆ ತೋರಿಸಬೇಕು. ಇನ್ನೊಂದು ಮಾತು. ಆ 12 ತಿಂಗಳು ತುಂಬುವವರೆಗೂ ಬಸಿರು ನಿಲ್ಲುವ ಸಂಭವ ಇದೆ. ನಗಬೇಡಿ. ನಿಜ.

ಸರಿ, ಇದಕ್ಕೂ ಹೊಟ್ಟೆಗೂ ಏನು ಸಂಬಂಧ?

ಕರುಳು ಒಂದು ಉದ್ದನೆಯ ಕೊಳವೆ. ಅದು ಹಿಂಡಿ ಹಿಂಡಿ ಅನ್ನವನ್ನು ಮುಂದಕ್ಕೆ ತಳ್ಳುತ್ತದೆ. ಈ ಹಾರ್ಮೋನುಗಳ ಮಾತನ್ನು ಕರುಳೂ ಕೇಳುತ್ತದೆ. ಅವು ಏರುಪೇರಾದರೆ ಕೆಲವರಿಗೆ ಕರುಳಿನ ನಡಿಗೆ ನಿಧಾನ ಆಗುತ್ತದೆ. ತಿಂದದ್ದು ಒಳಗೇ ಹೆಚ್ಚು ಹೊತ್ತು ಕೂರುತ್ತದೆ. ಗಾಳಿ ತುಂಬುತ್ತದೆ. ಹೊಟ್ಟೆ ಕಟ್ಟುತ್ತದೆ. ಮೊದಲು ಸಲೀಸಾಗಿ ಅರಗುತ್ತಿದ್ದ ಅವರೆಕಾಳು, ಹಲಸಿನ ಹಣ್ಣು ಈಗ ತಕರಾರು ಮಾಡುತ್ತವೆ.

ಹೊಟ್ಟೆಗೂ ತಲೆಗೂ ಒಂದು ದಾರಿ ಇದೆ. ಮಿದುಳಿನಿಂದ ಒಂದು ಉದ್ದನೆ ನರ ಕತ್ತಿನಲ್ಲಿ ಇಳಿದು, ಎದೆ ದಾಟಿ, ಹೊಟ್ಟೆಗೆ ಬರುತ್ತದೆ. ಅದರಲ್ಲಿ ಸುದ್ದಿ ಎರಡೂ ಕಡೆಗೆ ಓಡಾಡುತ್ತದೆ. ತಲೆಯಿಂದ ಹೊಟ್ಟೆಗೆ ಇಳಿಯುವ ಸುದ್ದಿಗಿಂತ ಹೊಟ್ಟೆಯಿಂದ ತಲೆಗೆ ಹತ್ತುವ ಸುದ್ದಿಯೇ ಹೆಚ್ಚು. ನಿಮಗೆ ಇದು ಹೊಸದೇನಲ್ಲ. ಮಗ ರಾತ್ರಿ ಹತ್ತಾದರೂ ಮನೆಗೆ ಬರಲಿಲ್ಲ ಅಂದರೆ ನಿಮಗೆ ಅನ್ನ ಸೇರುತ್ತಾ? ಪರೀಕ್ಷೆ ದಿನ ನನ್ನ ಶಾಲೆಯ ಮಕ್ಕಳು ನಾಲ್ಕು ಸಲ ಹೊರಕಡೆಗೆ ಓಡುತ್ತವೆ. ಅವು ಏನೂ ಕೆಟ್ಟದ್ದು ತಿಂದಿರುವುದಿಲ್ಲ.

ಹೊಟ್ಟೆ ಉಬ್ಬಿದರೆ ದಿಗಿಲು. ದಿಗಿಲಾದರೆ ಉಸಿರು ಮೇಲೆ ಮೇಲೆ ಆಡುತ್ತದೆ. ನಮಗೆ ತಿಳಿಯದ ಹಾಗೆ ಗಾಳಿ ನುಂಗುತ್ತೇವೆ. ಹೊಟ್ಟೆ ಇನ್ನೂ ಉಬ್ಬುತ್ತದೆ. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತು. ಹೊಟ್ಟೆಗೊಂದು ಮಾತ್ರೆ, ಮನಸ್ಸಿಗೊಂದು ಅಂತ್ರ ಅಂತ ಬೇರೆ ಬೇರೆ ಮಾಡಿದರೆ ಈ ಸುತ್ತು ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಬೇಕು.

ಹಾಗಂತ ಎಲ್ಲವನ್ನೂ ಮುಟ್ಟಿನ ತಲೆಗೆ ಕಟ್ಟಬೇಡಿ. ನಲವತ್ತೈದು ಅಂದರೆ ಏನು ವಯಸ್ಸು? ಮಗಳ ಮದುವೆ, ಸಂಘದ ಸಾಲದ ಕಂತು, ಹಾಸಿಗೆ ಹಿಡಿದ ಅತ್ತೆ, ಕೆಲವರಿಗೆ ಗಂಡನ ಕುಡಿತ. ಎಲ್ಲ ಒಟ್ಟಿಗೆ ಬರುವ ವಯಸ್ಸು. ಕಳವಳ ಬರದೆ ಇನ್ನೇನು ಬರುತ್ತೆ? ಹಾರ್ಮೋನು ಅದಕ್ಕೆ ಗಾಳಿ ಊದುತ್ತದೆ, ಅಷ್ಟೆ.

ಅವ್ವ ಏನು ಮಾಡಿದಳು ಅಂತ ಕೇಳುತ್ತೀರಿ. ಮೊದಲು ರಾತ್ರಿ ಊಟದ ಹೊತ್ತು ಬದಲಾಯಿಸಿದಳು. ನಮ್ಮ ಮನೆಗಳಲ್ಲಿ ಹೆಂಗಸರ ಊಟ ಯಾವಾಗ? ಎಲ್ಲರೂ ಉಂಡ ಮೇಲೆ. ಪಾತ್ರೆ ಬಳಿದು, ಮಿಕ್ಕಿದ್ದೆಲ್ಲ ದಂಡವಾಗುತ್ತೆ ಅಂತ ತಟ್ಟೆಗೆ ಸುರಿದುಕೊಂಡು, ಹತ್ತು ಗಂಟೆಗೆ ಗಬಗಬ ತಿಂದು, ತಕ್ಷಣ ಮಲಗುವುದು. ಮಲಗಿದರೆ ಹೊಟ್ಟೆಯ ಹುಳಿ ಎದೆಗೆ ಹತ್ತುತ್ತದೆ. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಬಿಡುವು ಇರಬೇಕು ಅಂದರು ಡಾಕ್ಟರು. ಅವ್ವ ಏಳೂವರೆಗೆ ಉಣ್ಣೋಕೆ ಶುರು ಮಾಡಿದಳು. ಅಪ್ಪನಿಗಿಂತ ಮೊದಲೇ! ಮೊದಲ ನಾಲ್ಕು ದಿನ ಮನೆಯಲ್ಲಿ ಗೊಣಗಾಟ ಆಯಿತು. ಆಮೇಲೆ ಅಪ್ಪನೇ ಬಂದು ಪಕ್ಕದಲ್ಲಿ ಕೂತ.

ಮುದ್ದೆ ಬಿಡಬೇಕಾ ಅಂತ ಕೇಳಿದಳು. ಬೇಡ ಅಂದರು. ರಾಗಿಯಲ್ಲಿ ನಾರಿನ ಅಂಶ ಇದೆ. ಅದು ಹೊಟ್ಟೆ ಕಟ್ಟದ ಹಾಗೆ ನೋಡಿಕೊಳ್ಳುತ್ತದೆ. ಸುಣ್ಣದ ಅಂಶವೂ ಇದೆ. ಈ ವಯಸ್ಸಿನಲ್ಲಿ ಮೂಳೆ ಸವೆಯುತ್ತೆ, ಅದಕ್ಕೆ ಬೇಕು. ಆದರೆ ರಾತ್ರಿಗೆ ಚಿಕ್ಕ ಮುದ್ದೆ ಸಾಕು. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿದರೆ ಗಾಳಿ ಕಡಿಮೆ. ಮೊಳಕೆ ಬರಿಸಿದರೆ ಇನ್ನೂ ವಾಸಿ. ಸೊಪ್ಪು ದಿನಾ ಇರಲಿ. ಸೀಬೆ, ಪರಂಗಿ, ಬಾಳೆ ಯಾವುದು ಸಿಗುತ್ತೋ ಅದು. ಕೆಲವರಿಗೆ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುತ್ತೆ. ಅಂಥವರು ಹಾಲು ಬಿಟ್ಟು ಮೊಸರು, ಮಜ್ಜಿಗೆ ತೆಗೆದುಕೊಳ್ಳಿ. ಮಜ್ಜಿಗೆಗೆ ಜೀರಿಗೆ, ಶುಂಠಿ ಹಾಕಿ. ಓಂಕಾಳು ಅಗಿದರೂ ಸರಿ. ಹಳಬರು ಸುಮ್ಮನೆ ಹೇಳಿಲ್ಲ.

ಟೀ ವಿಷಯ. ಅವ್ವ ದಿನಕ್ಕೆ ಆರು ಲೋಟ ಕುಡಿಯುತ್ತಿದ್ದಳು. ಹಸಿದ ಹೊಟ್ಟೆಗೆ ಟೀ, ಹಸಿವಾದರೆ ಟೀ, ಸುಸ್ತಾದರೆ ಟೀ. ಟೀ, ಕಾಫಿ ಹೆಚ್ಚಾದರೆ ಎದೆಬಡಿತ ಜೋರಾಗುತ್ತೆ. ನಿದ್ದೆ ಕೆಡುತ್ತೆ. ಎದೆ ಉರಿಯೂ ಹೆಚ್ಚು. ಊಟದ ಜೊತೆ ಕುಡಿದರೆ ಊಟದಲ್ಲಿರುವ ಕಬ್ಬಿಣದ ಅಂಶವೂ ಮೈಗೆ ಹತ್ತದು. ಬೆಳಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು ಅಂತ ಮಾಡಿದೆವು. ಒಂದು ವಾರ ತಲೆ ನೋವು ಅಂದಳು. ಆಮೇಲೆ ಸರಿಹೋಯಿತು. ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು ಬಿಡಿಸೋದು ಇನ್ನೂ ಕಷ್ಟ ಆಯಿತು. ಹೊಗೆಸೊಪ್ಪು ಬಾಯಿಗೆ ಕ್ಯಾನ್ಸರು ತರುತ್ತೆ ಅಂತ ಎಲ್ಲರಿಗೂ ಗೊತ್ತು. ಎದೆಬಡಿತವನ್ನೂ ಅದು ಜೋರು ಮಾಡುತ್ತೆ.

ನೀರಿನ ಮಾತು ಸ್ವಲ್ಪ ಹೆಚ್ಚು ಹೇಳುತ್ತೇನೆ. ಕೂಲಿಗೆ ಹೋಗುವವರು ಯಾಕೆ ನೀರು ಕುಡಿಯೋಲ್ಲ ಅಂತ ನನಗೆ ಗೊತ್ತು. ಕುಡಿದರೆ ಹೋಗಬೇಕು. ಹೊಲದಲ್ಲಿ ಮರೆ ಇಲ್ಲ. ನಾನೂ ಹಾಗೇ ಮಾಡಿದ್ದೇನೆ. ನನ್ನ ಮೊದಲ ಶಾಲೆಯಲ್ಲಿ ಕಕ್ಕಸಿಗೆ ಬಾಗಿಲೇ ಇರಲಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಬಾಯಿ ಒಣಗಿಸಿಕೊಂಡು ಇರುತ್ತಿದ್ದೆ. ನೀರು ಇಲ್ಲದಿದ್ದರೆ ಕರುಳಿನಲ್ಲಿ ಮಲ ಗಟ್ಟಿಯಾಗುತ್ತದೆ. ಬಂದಾಗ ತಡೆದುಕೊಂಡರೆ ಇನ್ನೂ ಗಟ್ಟಿ. ಆಮೇಲೆ ಮೂಲವ್ಯಾಧಿ. ಇದು ನಮ್ಮ ತಪ್ಪಲ್ಲ. ಆದರೆ ಕಷ್ಟ ಮಾತ್ರ ನಮಗೇ. ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲಿ ನೀರು, ನೆರಳು ಬೇಕು ಅಂತ ನಾವು ಕೇಳಿದ್ದೇವೆ. ಮರೆ ಬೇಕು ಅಂತ ಯಾಕೆ ಕೇಳಬಾರದು? ನಾಲ್ಕು ಕೋಲು, ಒಂದು ಹಳೆ ಸೀರೆ ಸಾಕಲ್ಲ. ಅಲ್ಲಿಯವರೆಗೆ, ಬೆಳಗ್ಗೆ ಎದ್ದ ಕೂಡಲೇ ಎರಡು ಲೋಟ ಉಗುರುಬೆಚ್ಚಗಿನ ನೀರು ಕುಡಿಯಿರಿ. ದಿನಾ ಒಂದೇ ಹೊತ್ತಿಗೆ ಹೊರಕಡೆಗೆ ಹೋಗುವ ಅಭ್ಯಾಸ ಮಾಡಿ. ಮನೆಗೆ ಬಂದ ಮೇಲೆ ಮತ್ತೆ ನೀರು ಕುಡಿಯಿರಿ.

ದಿನಾ ಅರ್ಧ ಗಂಟೆ ನಡೆಯಬೇಕು ಅಂತ ಡಾಕ್ಟರು ಹೇಳಿದಾಗ ಅವ್ವ ನಕ್ಕಳು. "ನಾನು ನಡೆಯೋದು ಸಾಲದಾ ತಾಯಿ?" ಅಂದಳು. ಹೊಲಕ್ಕೆ ಹೋಗುವವರಿಗೆ ಸಾಲುತ್ತೆ. ಬೀಡಿ ಕಟ್ಟುವವರು, ಹೊಲಿಗೆ ಮಿಷನ್ ತುಳಿಯುವವರು, ಅಂಗಡಿಯಲ್ಲಿ ಕೂರುವವರು ನಡೆಯಲೇಬೇಕು. ಕೂತಲ್ಲೇ ಕೂತರೆ ಕರುಳೂ ಕೂರುತ್ತದೆ.

ಇನ್ನು ದಿಗಿಲಿಗೆ. ಈಗ ಎಲ್ಲರೂ ಒಂದು ಕೈಯನ್ನು ಹೊಕ್ಕಳ ಮೇಲೆ ಇಡಿ. ಸೆರಗಿನ ಮೇಲೇ ಇಡಿ, ಪರವಾಗಿಲ್ಲ. ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಮನಸ್ಸಿನಲ್ಲಿ ಎಣಿಸಿ. ಒಂದು, ಎರಡು, ಮೂರು, ನಾಲ್ಕು. ಕೈ ಮೇಲಕ್ಕೆ ಏಳಬೇಕು. ಈಗ ನಿಧಾನಕ್ಕೆ ಬಿಡಿ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ತೆಗೆದುಕೊಂಡದ್ದಕ್ಕಿಂತ ಬಿಡುವುದು ಉದ್ದ ಇರಬೇಕು. ಆಗ ಎದೆಬಡಿತ ತಾನಾಗಿ ಇಳಿಯುತ್ತದೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ ಮಾಡಿ. ನಸುಕಿನಲ್ಲಿ ಎಚ್ಚರ ಆಗಿ ದಿಗಿಲು ಬಂದಾಗಲೂ ಮಲಗಿದಲ್ಲೇ ಮಾಡಬಹುದು. ಅವ್ವ ಇದನ್ನು ಹಾಲು ಕರೆಯುವಾಗ ಮಾಡುತ್ತಾಳೆ. ಹಸುವೂ ಸುಮ್ಮನೆ ನಿಲ್ಲುತ್ತಂತೆ.

ಆಮೇಲೆ ಒಂದು ನೋಟ್‌ಬುಕ್ಕು. ಅವ್ವನಿಗೆ ಬರೆಯೋಕೆ ಬರುತ್ತಿರಲಿಲ್ಲ. ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ನಾನು ಮನೆಯಲ್ಲಿ ಇಲ್ಲದ ದಿನ ಬಿಟ್ಟುಹೋಗುತ್ತಿತ್ತು. ನಿಮಗೆ ಈಗ ಬರೆಯೋಕೆ ಬರುತ್ತೆ. ದಿನಕ್ಕೆ ಎರಡು ಸಾಲು ಸಾಕು. ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ. ಹೊಟ್ಟೆ ಹೇಗಿತ್ತು, ಮನಸ್ಸು ಹೇಗಿತ್ತು. ಮುಟ್ಟಾದ ತಾರೀಕು. ಕಾಗುಣಿತ ತಪ್ಪಾದರೆ ಆಗಲಿ. ಒಂದು ತಿಂಗಳಲ್ಲಿ ನಿಮಗೇ ತಿಳಿಯುತ್ತೆ. ಅವ್ವನ ಪುಸ್ತಕ ನೋಡಿದಾಗ ನಮಗೆ ಗೊತ್ತಾದದ್ದು ಏನು ಗೊತ್ತಾ? ಒಪ್ಪತ್ತು ಮಾಡಿದ ಸೋಮವಾರದ ಮಾರನೇ ದಿನವೇ ಹೊಟ್ಟೆ ಹೆಚ್ಚು ಉಬ್ಬುತ್ತಿತ್ತು. ಹಗಲೆಲ್ಲ ಹಸಿದು, ರಾತ್ರಿ ಒಂದೇ ಸಲ ತುಂಬಿಸುತ್ತಿದ್ದಳು. ದೇವರನ್ನು ಬಿಡಲಿಲ್ಲ. ಹಗಲು ಹಣ್ಣು, ಮಜ್ಜಿಗೆ ತೆಗೆದುಕೊಂಡಳು.

ಮಾತ್ರೆ ಚೀಟಿಯನ್ನೂ ಓದಿ. ಮಂಡಿ ನೋವಿಗೆ ಅಂತ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳಲ್ಲಿ ಹಲವು ಹೊಟ್ಟೆಯ ಒಳಪದರ ಸುಡುತ್ತವೆ. ಹಸಿದ ಹೊಟ್ಟೆಗೆ ನುಂಗಿದರೆ ಇನ್ನೂ ಕೆಟ್ಟದ್ದು. ಆ ಉರಿಗೆ ಮತ್ತೆ ಗ್ಯಾಸಿನ ಮಾತ್ರೆ. ಗ್ಯಾಸಿನ ಮಾತ್ರೆಯನ್ನೂ ಕೇಳದೆ ತಿಂಗಳುಗಟ್ಟಲೆ ನುಂಗಬಾರದು. ನೀರಿಗೆ ಹಾಕಿದರೆ ಬುಸ್ಸನೆ ಉಕ್ಕುವ ಸೋಡಾ ಪುಡಿಯಲ್ಲಿ ಉಪ್ಪಿನ ಅಂಶ ತುಂಬ ಇದೆ. ಬಿ.ಪಿ. ಇದ್ದವರಿಗೆ ಅದು ಒಳ್ಳೆಯದಲ್ಲ. ಕಬ್ಬಿಣದ ಮಾತ್ರೆ ತೆಗೆದುಕೊಂಡರೆ ಮಲ ಕಪ್ಪಾಗುತ್ತೆ, ಕೆಲವರಿಗೆ ಹೊಟ್ಟೆ ಕಟ್ಟುತ್ತೆ. ಹೆದರಿ ಬಿಡಬೇಡಿ. ಸಿಸ್ಟರಿಗೆ ಹೇಳಿ.

ಥೈರಾಯಿಡ್ ತೊಂದರೆ ಇದ್ದರೂ ಹೀಗೇ ಆಗುತ್ತದೆ. ರಕ್ತ ಕಡಿಮೆ ಇದ್ದರೂ ಎದೆ ಢವಢವ ಅನ್ನುತ್ತದೆ. ಹೆಂಗಸರಿಗೆ ರಕ್ತದ ಅಂಶ 12 ಇರಬೇಕು. ಅದಕ್ಕೇ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ ಅನ್ನುವುದು. ತೊಂದರೆ ತೀರಾ ಹೆಚ್ಚಿದ್ದರೆ ಹಾರ್ಮೋನಿನ ಔಷಧಿಯೂ ಇದೆ. ಅದು ಎಲ್ಲರಿಗೂ ಆಗದು. ಡಾಕ್ಟರೇ ನೋಡಿ ಹೇಳಬೇಕು.

ಗರ್ಭಕೋಶದ ವಿಷಯ ನೇರವಾಗಿ ಹೇಳುತ್ತೇನೆ. ಗರ್ಭಕೋಶ ತೆಗೆಸಿದರೆ ಹೊಟ್ಟೆ ಉಬ್ಬರ ಹೋಗುವುದಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಆ ರಸ ಒಂದೇ ದಿನಕ್ಕೆ ನಿಲ್ಲುತ್ತದೆ. ಬಿಸಿ, ಬೆವರು, ಕಳವಳ ಎಲ್ಲ ಇನ್ನೂ ಜೋರಾಗಿ ಬರುತ್ತವೆ. ನಿಜವಾಗಿ ತೆಗೆಯಬೇಕಾದ ಕಾಯಿಲೆಗಳೂ ಇವೆ. ಇಲ್ಲ ಅನ್ನುವುದಿಲ್ಲ. ಆದರೆ ಬೇಡದ ಕಡೆಯೂ ತೆಗೆದದ್ದು ಕೋರ್ಟಿನವರೆಗೆ ಹೋಯಿತು. ಇದನ್ನು ತಡೆಯುವ ನಿಯಮಗಳನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಯಾರಾದರೂ "ತೆಗೆಸಿಬಿಡಿ" ಅಂದರೆ, ದುಡ್ಡು ಹೊಂದಿಸುವ ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳಿ. ನಮ್ಮ ಅವ್ವನ ಓಲೆ ಉಳಿದದ್ದು ಹಾಗೆ.

ಈಗ ಹೇಳುವುದನ್ನು ಚೆನ್ನಾಗಿ ಕೇಳಿ. ನಮ್ಮ ಬೀದಿಯಲ್ಲಿ ಒಬ್ಬ ದೊಡ್ಡಮ್ಮ ಇದ್ದರು. ಒಂದು ರಾತ್ರಿ ಎದೆ ಹಿಂಡಿದ ಹಾಗೆ ಆಯಿತು. ಬೆವರು ಸುರಿಯಿತು. ಬೆನ್ನು, ಎಡ ತೋಳು ನೋವು ಅಂದರು. "ಗ್ಯಾಸು ಕಣವ್ವ, ಸೋಡಾ ಕುಡಿದು ಮಲಗ್ತೀನಿ" ಅಂದರು. ಬೆಳಗ್ಗೆ ಸೊಸೆ ಟೀ ತೆಗೆದುಕೊಂಡು ಹೋದಾಗ ಅವರು ಇರಲಿಲ್ಲ. ಅದು ಹೃದಯದ ಕಾಯಿಲೆ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಅದು ಹೆಚ್ಚು. ಎದೆ ಹಿಂಡುವುದು, ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ಬೆವರು, ಉಸಿರಾಟಕ್ಕೆ ಕಷ್ಟ. ಹೀಗಾದರೆ ಸೋಡಾ ಹುಡುಕಬೇಡಿ. 108ಕ್ಕೆ ಫೋನು ಮಾಡಿಸಿ. ರಾತ್ರಿ ಎರಡಾದರೂ ಸರಿ. ಗ್ಯಾಸೇ ಆಗಿದ್ದರೆ ವಾಪಸು ಬರೋಣ.

ಇನ್ನು ಕೆಲವು. ತಿನ್ನುತ್ತಿದ್ದರೂ ತೂಕ ಇಳಿಯುವುದು. ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು. ಮಲದಲ್ಲಿ ರಕ್ತ, ಇಲ್ಲವೇ ಕಬ್ಬಿಣದ ಮಾತ್ರೆ ನುಂಗದೆಯೂ ಡಾಂಬರಿನಂಥ ಕಪ್ಪು. ಎರಡು ಮೂರು ವಾರ ದಿನಾ ಹೊಟ್ಟೆ ಉಬ್ಬಿಕೊಂಡೇ ಇದ್ದು, ಎರಡು ತುತ್ತಿಗೇ ತುಂಬಿದ ಹಾಗೆ ಆಗುವುದು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣುವುದು, ಒಂದು ಹನಿ ಆದರೂ. ಇವು ಯಾವುವೂ "ವಯಸ್ಸಾಯ್ತು" ಅಂತ ಬಿಡುವಂಥವಲ್ಲ. ಅಂಡಾಶಯದ, ಕರುಳಿನ, ಗರ್ಭಕೋಶದ ಕ್ಯಾನ್ಸರು ಹೀಗೆ ಸದ್ದಿಲ್ಲದೆ ಬರಬಹುದು. ಬೇಗ ತೋರಿಸಿದರೆ ವಾಸಿ ಮಾಡುವುದು ಸುಲಭ.

ಮನಸ್ಸಿಗೂ ಹಾಗೇ. ಎರಡು ವಾರ ಆದರೂ ಕಳವಳ ಇಳಿಯದಿದ್ದರೆ, ಯಾವುದರಲ್ಲೂ ಮನಸ್ಸು ಇಲ್ಲದಿದ್ದರೆ, ಸಾಯಬೇಕು ಅನ್ನಿಸಿದರೆ, ಬಾಯಿ ಬಿಟ್ಟು ಹೇಳಿ. ನನಗೆ ಹೇಳಿ. ಆಶಾ ಅಕ್ಕನಿಗೆ ಹೇಳಿ. ಟೆಲಿ ಮಾನಸ್ ಅಂತ ಸರ್ಕಾರದ ಒಂದು ಸಹಾಯವಾಣಿ 2022ರಲ್ಲಿ ಶುರುವಾಗಿದೆ. ನಂಬರು 14416. ಹಗಲು ರಾತ್ರಿ ಇರುತ್ತೆ. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ. ಅಂಕಿ ಬರೆಯೋಕೆ ಎಲ್ಲರಿಗೂ ಬರುತ್ತಲ್ಲ? ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು.

ಅವ್ವನಿಗೆ ಪೂರ್ತಿ ಸರಿಹೋಗೋಕೆ ಎರಡು ವರ್ಷ ಹಿಡಿಯಿತು. ಕೆಲವರಿಗೆ ಬೇಗ, ಕೆಲವರಿಗೆ ನಾಲ್ಕೈದು ವರ್ಷ, ಅದಕ್ಕಿಂತ ಹೆಚ್ಚೂ ಆಗುತ್ತೆ. ಈಗಲೂ ಅವಳಿಗೆ ಹಲಸಿನ ಹಣ್ಣು ಆಗಲ್ಲ. ಆದರೂ ತಿನ್ನುತ್ತಾಳೆ. ತಿಂದು ಬೈಸಿಕೊಳ್ಳುತ್ತಾಳೆ. ಸಂತೆಗೆ ಮಾತ್ರ ಒಂದು ವಾರವೂ ತಪ್ಪಿಸುವುದಿಲ್ಲ.

ಬರುವ ಗುರುವಾರ ಉಪಕೇಂದ್ರದ ಸಿಸ್ಟರು ಇಲ್ಲಿಗೇ ಬರುತ್ತಾರೆ. ಬಿ.ಪಿ., ಸಕ್ಕರೆ, ರಕ್ತ ನೋಡುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ನುಂಗುತ್ತಿರುವ ಮಾತ್ರೆಗಳ ಚೀಟಿ ತನ್ನಿ. ಬರುವವರ ಹೆಸರು ಈಗ ಬೇಕು. ಹಾಳೆ ಮೇಜಿನ ಮೇಲೆ ಇದೆ. ನಾನು ಬರೆದುಕೊಡುವುದಿಲ್ಲ, ನೀವೇ ಬರೆಯಿರಿ. ಪೆನ್ನು ಒಂದೇ ಇದೆ, ಸಾಲಾಗಿ ಬನ್ನಿ.